ಕ್ರಿಯಾಂಥಾ: ರಿಯೋಹಾ ವೈನ್ ಲೇಬಲ್ಲಿನಲ್ಲಿ ಕಾಣುವ ಪದ

ಉತ್ತರ ಸ್ಪೇನಿನ ಎಬ್ರೋ ನದಿಯ ಬಯಲಲ್ಲಿರುವ ರಿಯೋಹಾ ಅಂದರೆ ರೆಡ್ ವೈನಿಗೆ ಹೆಸರಾದ ಜಾಗ. ಅಲ್ಲಿನ ಬಾಟಲಿಯ ಹಿಂಬದಿಯಲ್ಲಿ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ. ಅದು ಕೆಂಪಾಗಿದ್ದರೆ ಒಳಗಿರುವುದು ಕ್ರಿಯಾಂಥಾ. ಅಂದರೆ, ಮಾರಾಟಕ್ಕೆ ಬರುವ ಮೊದಲು ಕನಿಷ್ಠ 2 ವರ್ಷ ಮಾಗಿದ ವೈನ್. ಅದರಲ್ಲಿ ಕಡೇಪಕ್ಷ 1 ವರ್ಷ ಸುಮಾರು 225 ಲೀಟರಿನ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು. 3 ವರ್ಷ ಮಾಗಿದ್ದು ರಿಸರ್ವಾ, 5 ವರ್ಷವಾದರೆ ಗ್ರಾನ್ ರಿಸರ್ವಾ. ಈ ಮೆಟ್ಟಿಲು ವಯಸ್ಸಿನದ್ದು, ರುಚಿಯದ್ದಲ್ಲ. ಬೆಲೆ ಜಾಸ್ತಿ ಅಂತ ಸುಮ್ನೆ ಗ್ರಾನ್ ರಿಸರ್ವಾ ಕೊಳ್ಳುವವರು ಇದನ್ನು ಮರೆಯುತ್ತಾರೆ. ಊಟದ ಜೊತೆಗೆ ಅಂದರೆ ನನ್ನ ಓಟು ಕ್ರಿಯಾಂಥಾಕ್ಕೇ.

ರುಚಿ ಹೇಗೆ? ಮುಖ್ಯ ದ್ರಾಕ್ಷಿ ತೆಂಪ್ರಾನಿಯೋ. ಚೆರ್ರಿ, ಪ್ಲಮ್ ಹಣ್ಣಿನ ರುಚಿ, ಹದವಾದ ಹುಳಿ, ನಾಲಿಗೆ ಹಿಡಿಯದಷ್ಟು ಒಗರು. ಅದರ ಜೊತೆ ಗಾರ್ನಾಚಾ ದ್ರಾಕ್ಷಿ ಸ್ವಲ್ಪ ಬೆರೆಸಿದರೆ ಮೈ ತುಂಬಿಕೊಳ್ಳುತ್ತದೆ. ಆಮೇಲೆ ಮೂಗಿಗೆ ಬರುವ ವೆನಿಲ್ಲಾ, ತೆಂಗಿನಕಾಯಿಯ ಪರಿಮಳ ದ್ರಾಕ್ಷಿಯದ್ದಲ್ಲ, ಪೀಪಾಯಿಯದ್ದು. ರಿಯೋಹಾದವರು ಹಿಂದಿನಿಂದಲೂ ಅಮೆರಿಕದ ಓಕ್ ಮರವನ್ನು ನೆಚ್ಚಿಕೊಂಡವರು, ಆ ಮರದ ಗುಣವೇ ಅದು. ಫ್ರಾನ್ಸಿನ ಓಕ್ ಬಳಸುವವರೂ ಈಗ ಬೇಕಾದಷ್ಟಿದ್ದಾರೆ. ಅಂಥ ಬಾಟಲಿಯಲ್ಲಿ ತೆಂಗಿನ ಘಮ ಕಡಿಮೆ.

ಇದಕ್ಕೆ ಜೋಡಿ ಹುಡುಕಲು ರಿಯೋಹಾದ ಊಟವನ್ನೇ ನೋಡಿದರೆ ಆಯಿತು. ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಾರಲ್ಲ, ಆ ಕಡ್ಡಿಗಳನ್ನು ಹೊರೆ ಕಟ್ಟಿ ಒಣಗಿಸಿಡುತ್ತಾರೆ. ಬೆಂಕಿ ಹಚ್ಚಿದರೆ ಭರ್ರನೆ ಉರಿದು ಬೇಗ ಕೆಂಡವಾಗುತ್ತವೆ. ಅದರ ಮೇಲೆ ಎಳೆ ಕುರಿಮರಿಯ ಪಕ್ಕೆಲುಬಿನ ಸಣ್ಣ ತುಂಡುಗಳನ್ನಿಟ್ಟು ಸುಡುವುದು. ಕಲ್ಲುಪ್ಪು ಬಿಟ್ಟರೆ ಬೇರೆ ಮಸಾಲೆ ಇಲ್ಲ. ಮೂಳೆ ಕೈಯಲ್ಲಿ ಹಿಡಿದು ತಿನ್ನಬೇಕು. ವೈನಿನ ಒಗರು ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿ ಬಾಯಿ ಒಣಗಿಸುತ್ತದೆ. ಮಾಂಸದ ಪ್ರೋಟೀನು, ಕೊಬ್ಬು ಬಾಯಲ್ಲಿದ್ದರೆ ಒಗರು ಅದರ ಕಡೆ ಹೊರಳುತ್ತದೆ. ವೈನ್ ಮೆತ್ತಗಾಗುತ್ತದೆ, ವೈನಿನ ಹುಳಿ ಮಾಂಸದ ಜಿಡ್ಡು ತೊಳೆಯುತ್ತದೆ.

ಇನ್ನೊಂದು, ಆಲೂಗಡ್ಡೆ ಮತ್ತು ಚೊರೀಸೋ ಸಾಸೇಜಿನ ಸಾರು. ಆಲೂಗಡ್ಡೆಯನ್ನು ಪೂರ್ತಿ ಹೆಚ್ಚುವುದಿಲ್ಲ. ಚಾಕು ಅರ್ಧ ಇಳಿಸಿ ಪಟ್ ಅಂತ ಮುರಿಯುತ್ತಾರೆ. ಮುರಿದ ಮೈಯಿಂದ ಪಿಷ್ಟ ಬಿಟ್ಟುಕೊಂಡು ಸಾರು ಗಟ್ಟಿಯಾಗುತ್ತದೆ. ಅದಕ್ಕೆ ಹಾಕುವ ಒಣಮೆಣಸು ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಕ್ರಿಯಾಂಥಾ ಇದಕ್ಕೆ ಒಗ್ಗುವುದಕ್ಕೆ ಆ ಕಡಿಮೆ ಖಾರವೂ ಒಂದು ಕಾರಣ.

ಮಾಂಸ ತಿನ್ನದವರಿಗೂ ದಾರಿ ಇದೆ. ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ, ಸುಟ್ಟು ಸಿಪ್ಪೆ ತೆಗೆದ, ಖಾರವಿಲ್ಲದ ಕೆಂಪು ಪಿಕಿಯೋ ಮೆಣಸಿನಕಾಯಿ, ಕುರಿ ಹಾಲಿನ ಮಾಂಚೇಗೋ ಚೀಸ್, ಮೂರೂ ಚೆನ್ನ.

ಆದರೆ ಗುಂಟೂರು ಮೆಣಸಿನ ಖಾರದ ಮಟನ್ ಸಾರಿಗೆ ಇದು ಬೇಡ. ಇದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 13.5ರಿಂದ 14 ಶೇಕಡಾ ಇರುತ್ತದೆ. ಅದು ಖಾರದ ಉರಿಯನ್ನು ಇನ್ನಷ್ಟು ಕೆದಕುತ್ತದೆ, ಹಣ್ಣಿನ ರುಚಿ ಎಲ್ಲೋ ಕಳೆದೇ ಹೋಗುತ್ತದೆ. ಕಾಳುಮೆಣಸು, ಉಪ್ಪು ಹಾಕಿ ಹುರಿದ ಮಟನ್ ಆದರೆ ಸರಿ.

ರೆಡ್ ವೈನನ್ನು ಫ್ರಿಜ್ಜಿನಲ್ಲಿಡದೆ ಹೊರಗಿಟ್ಟೇ ಕುಡಿಯಬೇಕು ಅನ್ನುತ್ತಾರಲ್ವಾ? ಅದು ಚಳಿ ದೇಶದ ಮನೆಗಳಿಗೆ ಹೇಳಿದ ಮಾತು. ಕ್ರಿಯಾಂಥಾಕ್ಕೆ 16 ಡಿಗ್ರಿ ಆಸುಪಾಸು ಹಿತ. ನಮ್ಮ ಬೇಸಿಗೆಯಲ್ಲಿ ಕುಡಿಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ.