ದನದ ಬಣ್ಣವನ್ನೂ ಬರೆದಿಡಿ

ಸೈನ್ಯಕ್ಕೆ ರೇಷನ್ ತಲುಪಿಸುವ ಕೆಲಸದಲ್ಲಿ ನಾನು ಇಪ್ಪತ್ತೆರಡು ವರ್ಷ ಇದ್ದೆ. ಗುಡ್ಡದ ಮೇಲಿನ ಠಾಣೆಗಳಿಗೆ ಮಾಂಸವನ್ನು ಜೀವಂತ ಕುರಿಯಾಗಿಯೇ ಕಳಿಸುತ್ತಿದ್ದೆವು. ಅದಕ್ಕೆ ನಮ್ಮಲ್ಲಿ ‘ಮೀಟ್ ಆನ್ ಹೂಫ್’ ಅನ್ನುತ್ತಾರೆ. ಕುರಿ ತಾನೇ ನಡೆದು ಹೋಗುತ್ತದೆ, ಮಾಂಸ ಕೆಡುವ ಭಯವಿಲ್ಲ. ತಲೆನೋವೆಲ್ಲ ಲೆಡ್ಜರಿನಲ್ಲಿ. ದಾರಿಯಲ್ಲಿ ಒಂದು ಕುರಿ ಹಗ್ಗ ಹರಿದುಕೊಂಡು ಓಡಿಹೋದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು?

ಅದಕ್ಕೇ 1777ರ ಜೂನ್ 10ರಂದು ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ಬ್ರಿಟಿಷರ ವಿರುದ್ಧ ಎದ್ದ ರಾಜ್ಯಗಳ ಪ್ರತಿನಿಧಿ ಸಭೆ, ಮಾಡಿದ ನಿಯಮಗಳನ್ನು ಓದುವಾಗ ನನಗೆ ನಗು ಬಂತು. ಸೈನ್ಯಕ್ಕೆ ದನ ಕೊಂಡರೆ ಎಷ್ಟು, ಯಾರಿಂದ, ಯಾವ ಬೆಲೆಗೆ ಎಂದು ಬರೆದರೆ ಸಾಲದು. ದನದ ಬಣ್ಣ, ಮೈಮೇಲಿನ ಗುರುತು ಕೂಡ ಪುಸ್ತಕದಲ್ಲಿ ಇರಬೇಕು. ಅತ್ತ ಬ್ರಿಟಿಷರ ಜೊತೆ ಯುದ್ಧ, ಇತ್ತ ಇವರು ಕೊಂಡಿದ್ದು ಕಪ್ಪೋ ಕಂದೋ ಎಂದು ಕೇಳುತ್ತಿದ್ದಾರೆ! ಆದರೆ ಅದೇ ವರ್ಷದ ಚಳಿಗಾಲಕ್ಕೆ ಆ ಸೈನ್ಯ ಉಪವಾಸ ಬಿತ್ತು.

ಶುರುವಾತು ಚೆನ್ನಾಗಿಯೇ ಇತ್ತು. 1775ರ ಜೂನ್ 14ರಂದು ಕಾಂಗ್ರೆಸ್ ಸೈನ್ಯ ಕಟ್ಟಲು ಹೊರಟಿತು, ಮರುದಿನ ಜಾರ್ಜ್ ವಾಷಿಂಗ್ಟನ್ ಅವರನ್ನು ದಂಡನಾಯಕರನ್ನಾಗಿ ಆರಿಸಿತು. ಅದರ ಮರುದಿನವೇ ಸಾಗಣೆಗೆ ಒಬ್ಬ ಕ್ವಾರ್ಟರ್‌ಮಾಸ್ಟರ್ ಜನರಲ್, ಆಹಾರಕ್ಕೆ ಒಬ್ಬ ಕಮಿಸರಿ ಜನರಲ್ ಹುದ್ದೆ ಹುಟ್ಟಿದವು. ನವೆಂಬರ್ 4ಕ್ಕೆ ರೇಷನ್ ಪಟ್ಟಿ ಬಂತು. ಒಬ್ಬನಿಗೆ ದಿನಕ್ಕೆ ಒಂದು ಪೌಂಡ್ ದನದ ಮಾಂಸ, ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು, ಒಂದು ಪಿಂಟ್ (ಸುಮಾರು ಅರ್ಧ ಲೀಟರ್) ಹಾಲು. ವಾರಕ್ಕೆ ಮೂರು ಪಿಂಟ್ ಬಟಾಣಿ ಅಥವಾ ಬೀನ್ಸ್. ನೂರು ಜನಕ್ಕೆ ವಾರಕ್ಕೆ 3 ಪೌಂಡ್ ಮೇಣದಬತ್ತಿ, 8 ಪೌಂಡ್ ಗಟ್ಟಿ ಸೋಪು. ಸೋಪನ್ನೂ ಮರೆಯದೆ ಬರೆದಿದ್ದಾರೆ ಅಂದರೆ ಪಟ್ಟಿ ಮಾಡಿದವರಿಗೆ ಕೆಲಸ ಗೊತ್ತಿತ್ತು.

ಮೊದಲ ಕಮಿಸರಿ ಜನರಲ್ ಜೋಸೆಫ್ ಟ್ರಂಬುಲ್. ವ್ಯಾಪಾರಸ್ಥ, ಕನೆಕ್ಟಿಕಟ್ ಗವರ್ನರ್ ಅವರ ಮಗ. ಯಾರ ಹತ್ತಿರ ದನ ಇದೆ, ಯಾರು ಸಾಲಕ್ಕೆ ಹಿಟ್ಟು ಕೊಡುತ್ತಾರೆ ಎಂದು ಬಲ್ಲ ಮನುಷ್ಯ. ಖರೀದಿಗೆ ಇಂತಿಷ್ಟು ಕಮಿಷನ್ ಬೇಕು ಎಂಬುದು ಅವರ ಬೇಡಿಕೆ. ಕಾಂಗ್ರೆಸ್ಸಿಗೆ ಅದು ಸರಿಬರಲಿಲ್ಲ. ಜಾಸ್ತಿ ಬೆಲೆಗೆ ಕೊಂಡವನಿಗೆ ಜಾಸ್ತಿ ಕಮಿಷನ್, ಆಮೇಲೆ ಬೆಲೆ ಇಳಿಸುವವರು ಯಾರು? ಅನುಮಾನ ತಪ್ಪೇನಲ್ಲ, ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಆ ಜೂನ್ ನಿಯಮಗಳು ಇಲಾಖೆಯನ್ನು ಎರಡು ಹೋಳು ಮಾಡಿದವು, ಕೊಳ್ಳುವವರು ಬೇರೆ, ಹಂಚುವವರು ಬೇರೆ. ಕಮಿಷನ್ ಇಲ್ಲ, ಸಂಬಳ ಮಾತ್ರ. ಟ್ರಂಬುಲ್ ಕೈಕೆಳಗಿನ ಡೆಪ್ಯುಟಿಗಳನ್ನು ನೇಮಿಸುವುದೂ ಕಾಂಗ್ರೆಸ್ಸೇ. ತನ್ನ ಮಾತು ಕೇಳಬೇಕಾದ ಮನುಷ್ಯನನ್ನು ಬೇರೆಯವರು ಇಟ್ಟರೆ ಏನಾಗುತ್ತದೆ ಎಂದು ಸರಬರಾಜು ಮಾಡಿದ ಯಾರನ್ನು ಬೇಕಾದರೂ ಕೇಳಿ. ಟ್ರಂಬುಲ್ ಆಗಸ್ಟಿನಲ್ಲಿ ಕೆಲಸ ಬಿಟ್ಟರು. ಯುದ್ಧ ಜೋರಾಗಿದ್ದಾಗಲೇ ಅನುಭವಸ್ಥರು ಹೋಗಿ ಹೊಸಬರು ಬಂದರು. ಕ್ವಾರ್ಟರ್‌ಮಾಸ್ಟರ್ ಜನರಲ್ ಥಾಮಸ್ ಮಿಫ್ಲಿನ್ ಕೂಡ ಅದೇ ವರ್ಷ ಬಿಟ್ಟರು. 1778ರ ಮಾರ್ಚ್ ತನಕ ಆ ಕುರ್ಚಿಗೆ ಸರಿಯಾದ ದಿಕ್ಕಿರಲಿಲ್ಲ.

ಆ ನಡುವೆ ಬಂತು ವ್ಯಾಲಿ ಫೋರ್ಜ್. ಕಾಂಗ್ರೆಸ್ ಸೇರುತ್ತಿದ್ದ ಫಿಲಡೆಲ್ಫಿಯಾ ಬ್ರಿಟಿಷರ ಕೈಗೆ ಹೋಗಿತ್ತು. ಕಾಂಗ್ರೆಸ್ ಯಾರ್ಕ್ ಎಂಬ ಊರಿಗೆ ಓಡಿತ್ತು. ಡಿಸೆಂಬರ್ 19ಕ್ಕೆ ಸೈನ್ಯ ಫಿಲಡೆಲ್ಫಿಯಾ ಹತ್ತಿರದ ವ್ಯಾಲಿ ಫೋರ್ಜ್ ಎಂಬಲ್ಲಿ ಬೀಡುಬಿಟ್ಟಿತು. ನಾಲ್ಕೇ ದಿನಕ್ಕೆ ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಪತ್ರ ಬರೆದರು. ಕಾಲಿಗೆ ಜೋಡು, ಮೈಗೆ ಬಟ್ಟೆ ಇಲ್ಲದೆ ಕೆಲಸಕ್ಕೆ ಬಾರದವರು 2,898 ಮಂದಿ. ‘ಸುಮಾರು ಮೂರು ಸಾವಿರ’ ಅನ್ನಲಿಲ್ಲ ನೋಡಿ. ಒಬ್ಬೊಬ್ಬರನ್ನೂ ಎಣಿಸಿದ ಲೆಕ್ಕ. ಇಂಡೆಂಟ್, ಅಂದರೆ ಸಾಮಾನಿನ ಬೇಡಿಕೆ ಪಟ್ಟಿ, ಬರೆದು ಬರೆದು ಸಾಕಾದವರಿಗೆ ಆ ಕೊನೆಯ 98ರ ಬೆಲೆ ಗೊತ್ತು.

ಹಾಗಂತ ದೇಶದಲ್ಲಿ ಬರಗಾಲ ಇರಲಿಲ್ಲ. ಧಾನ್ಯ ಇತ್ತು, ದನ ಇತ್ತು. ಅದನ್ನು ಶಿಬಿರಕ್ಕೆ ಹೊರಲು ಗಾಡಿ ಇರಲಿಲ್ಲ, ಗಾಡಿ ಇದ್ದಲ್ಲಿ ಕುದುರೆ ಇರಲಿಲ್ಲ, ಎರಡೂ ಇದ್ದ ಕಡೆ ರಸ್ತೆ ಕೆಸರು. ಪಕ್ಕದ ಫಿಲಡೆಲ್ಫಿಯಾದಲ್ಲಿ ಬ್ರಿಟಿಷರು ರೈತರಿಗೆ ಬೆಳ್ಳಿ ಬಂಗಾರದ ನಾಣ್ಯ ಎಣಿಸುತ್ತಿದ್ದರು. ಕಾಂಗ್ರೆಸ್ ಕೊಡುತ್ತಿದ್ದದ್ದು ತಾನೇ ಅಚ್ಚು ಹಾಕಿದ ಕಾಗದ. ರೈತ ಯಾವುದಕ್ಕೆ ಕೈ ಚಾಚುತ್ತಾನೆ?

ಮಾರ್ಚ್ 2ಕ್ಕೆ ನಥಾನಿಯಲ್ ಗ್ರೀನ್ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. ಅವರಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ಚರಿತ್ರೆಯಲ್ಲಿ ಯಾವ ಕ್ವಾರ್ಟರ್‌ಮಾಸ್ಟರನ ಹೆಸರು ಯಾರು ಕೇಳಿದ್ದಾರೆ ಎಂದು ವಾಷಿಂಗ್ಟನ್ ಅವರಿಗೇ ಬರೆದುಕೊಂಡರು. ಪಾಪ, ಸುಳ್ಳಲ್ಲ. ಈ ಸಲ ಕಾಂಗ್ರೆಸ್ ಕಮಿಷನ್‌ಗೆ ಒಪ್ಪಿತು. ಗ್ರೀನ್ ಮತ್ತು ಇಬ್ಬರು ಸಹಾಯಕರಿಗೆ ಸೇರಿ ನೂರಕ್ಕೆ ಮೂರು, ತಲಾ ಒಂದೊಂದು. ಗಾಡಿಗಳು ಓಡಿದವು, ಆಹಾರವೂ ಬಂತು. ಬೆಲೆ ಏರಿದಂತೆ ಕಮಿಷನ್ನೂ ಏರಿತು, ಹಳೆಯ ಅನುಮಾನ ಮತ್ತೆ ಎದ್ದಿತು. 1780ರಲ್ಲಿ ಕಾಂಗ್ರೆಸ್ ಇಲಾಖೆಯನ್ನು ಮತ್ತೆ ಕಲಕಿತು, ಗ್ರೀನ್ ರಾಜೀನಾಮೆ ಕೊಟ್ಟರು.

ನನ್ನ ಪ್ರಕಾರ ಸಂಬಳವೋ ಕಮಿಷನ್ನೋ ಎಂಬ ಜಗಳ ಸುಮ್ನೆ ಮೇಲುಮೇಲಿನದು. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನು ಕೇಳಬೇಕು, ಅವು ಕೊಟ್ಟರೆ ಉಂಟು. ಅದಕ್ಕೇ 1775ರಿಂದ ನೋಟು ಅಚ್ಚು ಹಾಕಿದರು. 1779ರ ಸೆಪ್ಟೆಂಬರಿನಲ್ಲಿ 20 ಕೋಟಿ ಡಾಲರಿಗೆ ನಿಲ್ಲಿಸುತ್ತೇವೆ ಎಂದರು. 1780ರ ಮಾರ್ಚಿನಲ್ಲಿ ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ತಾವೇ ಒಪ್ಪಿಕೊಂಡರು. ಕೈಯಲ್ಲಿ ಇಂಥ ನೋಟು ಹಿಡಿದು ಸಂತೆಗೆ ಹೋದವನು ಎಷ್ಟೇ ಪ್ರಾಮಾಣಿಕನಾದರೂ ಏನು ಕೊಂಡಾನು? ದನದ ಬಣ್ಣ ಬರೆಯಲು ಮೊದಲು ದನ ಸಿಗಬೇಕಲ್ವಾ?

ನೋಟು ನಡೆಯದಾದಾಗ ರಾಜ್ಯಗಳಿಂದ ನೇರ ಸಾಮಾನನ್ನೇ ಕೇಳಿದರು, ಇಷ್ಟು ಮಾಂಸ, ಇಷ್ಟು ಹಿಟ್ಟು, ಇಷ್ಟು ರಮ್. ಬಂದದ್ದು ಸೈನ್ಯ ಇಲ್ಲದ ಕಡೆ ರಾಶಿ ಬಿತ್ತು. 1781ರಲ್ಲಿ ಹಣಕಾಸು ರಾಬರ್ಟ್ ಮಾರಿಸ್ ಎಂಬ ವ್ಯಾಪಾರಿಯ ಕೈಗೆ ಬಂತು. ಅವರು ರೇಷನ್ನನ್ನು ಗುತ್ತಿಗೆದಾರರಿಗೆ ಒಪ್ಪಿಸಿದರು, ತಮ್ಮ ಸ್ವಂತ ಹೆಸರಿನ ಚೀಟಿಗಳನ್ನು ಚಲಾವಣೆಗೆ ಬಿಟ್ಟರು. ಸರ್ಕಾರದ ನೋಟು ಬೇಡವೆಂದವರು ಮಾರಿಸ್ ಚೀಟಿ ತೆಗೆದುಕೊಂಡರು. ಯುದ್ಧದ ಕೊನೆಯ ದೊಡ್ಡ ಕಾಳಗಕ್ಕೆ ಯಾರ್ಕ್‌ಟೌನ್ ಕಡೆ ಹೊರಟ ಸೈನಿಕರು ಸಂಬಳ ಕೇಳಿದಾಗ, ನೆರವಿಗೆ ಬಂದಿದ್ದ ಫ್ರೆಂಚ್ ಸೇನಾಪತಿ ರೊಷಾಂಬೊ ಅವರಿಂದ 20,000 ಡಾಲರ್ ನಾಣ್ಯ ಸಾಲ ತಂದು ಒಂದು ತಿಂಗಳ ಸಂಬಳ ಹಂಚಿದರು.

ಆ ಯುದ್ಧ ಗೆದ್ದರು. ಬಾಕಿ ಮಾತ್ರ ತೀರಲಿಲ್ಲ. 1783ರ ಜೂನ್ 21ರಂದು ಸಂಬಳ ಸಿಗದ ಪೆನ್ಸಿಲ್ವೇನಿಯಾದ ಸೈನಿಕರು ಬಂದೂಕು ಹಿಡಿದು ಕಾಂಗ್ರೆಸ್ ಸೇರುತ್ತಿದ್ದ ಫಿಲಡೆಲ್ಫಿಯಾದ ಸ್ಟೇಟ್ ಹೌಸನ್ನು ಸುತ್ತುವರಿದರು. ಎಂಟು ವರ್ಷದ ಹಿಂದೆ ಮೇಣದಬತ್ತಿ, ಸೋಪಿನ ಲೆಕ್ಕ ಬರೆದದ್ದು ಇದೇ ಕಟ್ಟಡದಲ್ಲಿ. ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು.