ಬಣ್ಣ ಬದಲಾದ ಹಳೆಯ ಬೇಸ್ ಗಿಟಾರ್ ಮಾರುವ ಮುನ್ನ

ಅಮೆರಿಕದ ಫೆಂಡರ್ ಕಂಪನಿಯ ಹಳೆಯ ಬೇಸ್ ಗಿಟಾರ್ ಮಾರಲು ಹೊರಟವರು ನನ್ನ ರಿಪೇರಿ ಮೇಜಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬಣ್ಣ ಒರಿಜಿನಲ್ ಅಲ್ಲ ಸರ್, ಬೆಲೆ ಬರುತ್ತಾ?" ಬರುತ್ತದೆ. ಸಂಗ್ರಹಕಾರರು ಕೊಡುವ ಬೆಲೆ ಬರುವುದಿಲ್ಲ, ನುಡಿಸುವವರು ಕೊಡುವ ಬೆಲೆ ಬರುತ್ತದೆ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡು, ಜಾಹೀರಾತಿನ ಮೊದಲ ಸಾಲಿನಲ್ಲೇ "ಗಿಟಾರಿನ ಬಾಡಿಯ (ಮರದ ಒಡಲಿನ) ಮರುಬಣ್ಣ ಆಗಿದೆ" ಎಂದು ಬರೆದವರ ವಾದ್ಯ ಬೇಗ ಕೈ ಬದಲಾಗುತ್ತದೆ. ಆ ಮಾತನ್ನು ಕೊನೆಗೆ ತಳ್ಳಿದವರು ತಿಂಗಳುಗಟ್ಟಲೆ ಚೌಕಾಸಿಯಲ್ಲೇ ಕಳೆಯುತ್ತಾರೆ.

ವಿಂಟೇಜ್ ಗಿಟಾರ್ ವ್ಯಾಪಾರದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಲೆಕ್ಕವೊಂದಿದೆ: ಫ್ಯಾಕ್ಟರಿ ಬಣ್ಣ ಹೋದರೆ ಬೆಲೆ ಅರ್ಧ. ಇದು ಮಾತುಕತೆ ಶುರುಮಾಡಲು ಹಿಡಿಯುವ ಅಂದಾಜು, ಅಷ್ಟೆ. 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಫೆಂಡರನ್ನು ಕೊಂಡುಕೊಂಡಿತು. ಅದಕ್ಕೂ ಮೊದಲು ತಯಾರಾದ ಬೇಸ್‌ಗಳಲ್ಲಿ ಬಣ್ಣ ಹೋದರೆ ನಷ್ಟ ದೊಡ್ಡದು, ಏಕೆಂದರೆ ಅವುಗಳಿಗೆ ಕಾಯುವವರಲ್ಲಿ ಸಂಗ್ರಹಕಾರರೇ ಹೆಚ್ಚು. 1970ರ ದಶಕದ ಬೇಸ್‌ಗಳಲ್ಲಿ ಪೆಟ್ಟು ಅಷ್ಟು ಜೋರಾಗಿರುವುದಿಲ್ಲ. ಅವನ್ನು ಕೊಳ್ಳುವವರು ಬಹುಮಟ್ಟಿಗೆ ವೇದಿಕೆಯಲ್ಲೋ ಸ್ಟುಡಿಯೋದಲ್ಲೋ ನುಡಿಸುವವರು. ಅವರು ಹುಡುಕುವುದು ಒಳ್ಳೆಯ ನೆಕ್ಕು (ಬೆರಳಾಡುವ ಉದ್ದನೆಯ ಕತ್ತು), ಹಳೆಯ ಪಿಕಪ್ಪು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಕೈಗೆ ಒಗ್ಗುವ ತೂಕ.

ಇಷ್ಟೊಂದು ಹಳೆಯ ಬೇಸ್‌ಗಳಿಗೆ ಮರುಬಣ್ಣ ಬಿದ್ದದ್ದೇಕೆ ಎಂದು ಹಲವರು ಕೇಳುತ್ತಾರೆ. ಆಗ ಅವು ಹಳೆಯ ವಸ್ತುಗಳಾಗಿರಲಿಲ್ಲ, ಕೆಲಸದ ಸಾಮಾನುಗಳಾಗಿದ್ದವು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದದ್ದೇ ಬ್ಯಾಂಡಿನವರು ದೊಡ್ಡ ಡಬಲ್ ಬೇಸ್ ಹೊತ್ತು ತಿರುಗುವುದು ತಪ್ಪಲಿ, ಸದ್ದಿನ ನಡುವೆ ಬೇಸ್ ಕೇಳಿಸಲಿ ಎಂದು. ಬಣ್ಣ ಕಿತ್ತುಬಂದರೆ ಬೇರೆ ಬಣ್ಣ ಹೊಡೆಸುತ್ತಿದ್ದರು. 1970ರ ದಶಕದಲ್ಲಿ ಮರದ ಎಳೆ ಕಾಣುವ ನ್ಯಾಚುರಲ್ ಫಿನಿಶ್ ಫ್ಯಾಷನ್ ಆದಾಗ ಎಷ್ಟೋ ಸನ್‌ಬರ್ಸ್ಟ್ (ನಡುವೆ ಹಳದಿ, ಅಂಚಿಗೆ ಹೋದಂತೆ ಗಾಢವಾಗುವ ಬಣ್ಣದ) ಬಾಡಿಗಳು ಉಪ್ಪುಕಾಗದಕ್ಕೆ ಸಿಕ್ಕಿದವು. ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಝ್ ಬೇಸ್‌ನಲ್ಲಿ ಫ್ರೆಟ್‌ಗಳಿಲ್ಲದ (ಸ್ವರಸ್ಥಾನ ಗುರುತಿಸುವ ಲೋಹದ ಪಟ್ಟಿಗಳಿಲ್ಲದ) ಫಿಂಗರ್‌ಬೋರ್ಡಿಗೆ, ಅಂದರೆ ನೆಕ್ಕಿನ ಮೇಲಿನ ಮರದ ಹಲಗೆಗೆ, ದೋಣಿಗೆ ಬಳಸುವ ಎಪಾಕ್ಸಿ ಬಳಿದಿದ್ದರು. ನುಡಿಸುವವರು ವಾದ್ಯವನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುವುದು ಅಂದಿನ ರೂಢಿ. ಹಾಗಾಗಿ ಮರುಬಣ್ಣವೆಂದರೆ ಮುಚ್ಚಿಡಬೇಕಾದ ಕಳಂಕ ಎಂದು ನಾನಂತೂ ಭಾವಿಸುವುದಿಲ್ಲ.

ಆದರೆ ಬಣ್ಣದ ಕೆಳಗೆ ಏನಿದೆ ಎಂಬುದನ್ನು ಮಾರುವ ಮೊದಲೇ ತಿಳಿದಿರಬೇಕು. ಇತ್ತೀಚೆಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿ ಬೆಂಗಳೂರಿಗೆ ಮರಳಿದ ಎಂಜಿನಿಯರೊಬ್ಬರು ಅಲ್ಲಿ ಕೊಂಡಿದ್ದ 1974ರ ಪ್ರಿಸಿಷನ್ ಬೇಸ್ ತಂದಿದ್ದರು. ಬಾಡಿ ಪೂರ್ತಿ ಕಪ್ಪು. ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಎತ್ತಿದೆವು. ನೆಕ್ ಕೂರುವ ಗುಳಿಯ ತಳದಲ್ಲಿ ಪಟ್ಟಿಯಾಕಾರದ ಜಾಗವೊಂದು ಬಣ್ಣವಿಲ್ಲದೆ ಬೋಳಾಗಿತ್ತು, ಅದರ ಅಂಚಿನಲ್ಲಿ ಹಳದಿ ಗೆರೆ. 1960ರ ದಶಕದ ಮೊದಲ ಭಾಗದಿಂದೀಚೆಗೆ ಫೆಂಡರ್ ಕಾರ್ಖಾನೆಯಲ್ಲಿ ಬಣ್ಣ ಸಿಂಪಡಿಸುವಾಗ ಆ ಗುಳಿಗೆ ಒಂದು ಕೋಲನ್ನು ಸ್ಕ್ರೂ ಮಾಡಿ, ಅದನ್ನೇ ಹಿಡಿಕೆಯಾಗಿ ಬಳಸುತ್ತಿದ್ದರು. ಕೋಲು ಕೂತ ಜಾಗಕ್ಕೆ ಬಣ್ಣ ತಗಲುತ್ತಿರಲಿಲ್ಲ. ಹಳದಿ ಗೆರೆ ಸನ್‌ಬರ್ಸ್ಟಿನ ನಡುಬಣ್ಣದ ಉಳಿಕೆ. ಅಂದರೆ ಈ ಬೇಸ್ ಸನ್‌ಬರ್ಸ್ಟ್ ಆಗಿ ಹುಟ್ಟಿದ್ದು, ಕಪ್ಪು ಆಮೇಲೆ ಬಂದದ್ದು. ಗುಳಿಯ ಪಕ್ಕದ ಗೋಡೆಗಳ ಮೇಲೆ ಕಪ್ಪು ದಪ್ಪವಾಗಿ ಕೂತಿತ್ತು. ಇದನ್ನೂ ನೋಡಿಕೊಳ್ಳಬೇಕು, ಗುಳಿಯಲ್ಲಿ ಬಣ್ಣ ಕಟ್ಟಿಕೊಂಡರೆ ನೆಕ್ ಸರಿಯಾಗಿ ಕೂರುವುದಿಲ್ಲ, ತಂತಿಯ ಎತ್ತರ ಎಷ್ಟು ತಿದ್ದಿದರೂ ಹದಕ್ಕೆ ಬರುವುದಿಲ್ಲ.

ಇನ್ನೂ ಹಳೆಯ ಬಾಡಿಗಳಲ್ಲಿ ಬೇರೆ ಗುರುತು ಸಿಗುತ್ತದೆ. ಸುಮಾರು 1964ರವರೆಗೆ ಬಾಡಿಯ ಮೇಲೆ ಸಣ್ಣ ಮೊಳೆ ಹೊಡೆದು, ಬಣ್ಣ ಒಣಗುವಾಗ ಅವುಗಳ ಮೇಲೇ ನಿಲ್ಲಿಸುತ್ತಿದ್ದರು. ಬಣ್ಣವಾದ ಮೇಲೆ ಮೊಳೆ ಕೀಳುತ್ತಿದ್ದುದರಿಂದ ಫ್ಯಾಕ್ಟರಿ ಬಣ್ಣದಲ್ಲಿ ಆ ತೂತಿನೊಳಗೆ ಬರಿ ಮರ ಕಾಣುತ್ತದೆ. ತೂತಿನೊಳಗೆ ಬಣ್ಣ ಇಳಿದಿದ್ದರೆ, ಅಥವಾ ತೂತೇ ಮುಚ್ಚಿಹೋಗಿದ್ದರೆ, ಮರುಬಣ್ಣ ಆಗಿದೆಯೆಂದೇ ತಿಳಿಯಿರಿ. ಅನುಭವಿ ಗಿರಾಕಿ ಪಿಕ್‌ಗಾರ್ಡ್ (ಬಾಡಿಯ ಮುಂಬದಿಯ ರಕ್ಷಣಾ ಹಾಳೆ) ಕೆಳಗಿನ ಫೋಟೋ ಕೇಳುವುದು ಇದಕ್ಕೇ.

ಬಣ್ಣದ ಬದಲಾವಣೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮುಚ್ಚಿದ ಗುಂಡಿ. ಒಂದು ಕಾಲದಲ್ಲಿ ಪ್ರಿಸಿಷನ್ ಬೇಸ್‌ನ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹತ್ತಿರ ಮರ ಕೊರೆದು ಇನ್ನೊಂದು ಪಿಕಪ್ ಕೂರಿಸುವುದು ಮಾಮೂಲಿಯಾಗಿತ್ತು. ಮುಂದೆ ಬೇಡವೆನಿಸಿದಾಗ ಮರದ ತುಂಡು ತುಂಬಿ, ಉಜ್ಜಿ, ಮೇಲೆ ಗಾಢ ಬಣ್ಣ ಹೊಡೆಯುತ್ತಿದ್ದರು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಾಡಿಗೆ ಬಹುತೇಕ ಸಮಾನಾಂತರವಾಗಿ ಹಿಡಿದು ಬ್ರಿಡ್ಜ್ ಮುಂದಿನ ಜಾಗ ನೋಡಿ. ವರ್ಷಗಳು ಕಳೆದಂತೆ ತುಂಬಿದ ಮರ ಸ್ವಲ್ಪ ಕುಗ್ಗಿ, ಚೌಕಾಕಾರದ ಅಂಚು ನೆರಳಾಗಿ ಮೂಡುತ್ತದೆ. ಹಾಗೆ ಕಂಡರೆ ಅದನ್ನೂ ಬರೆಯಲೇಬೇಕು, ಬೆಲೆಯನ್ನೂ ಇನ್ನಷ್ಟು ಇಳಿಸಬೇಕು. ಕೊಂಡವರು ಅದನ್ನು ಮನೆಯಲ್ಲಿ ಕಂಡುಹಿಡಿದರೆ ವಾದ್ಯವೂ ವಾಪಸ್ಸು, ನಿಮ್ಮ ಹೆಸರೂ ಹೋಯಿತು.

ವರ್ಷ ಹೇಳುವಾಗ ಒಂದೇ ಸಾಕ್ಷಿಯನ್ನು ನಂಬಬೇಡಿ. ನೆಕ್ ಪ್ಲೇಟಿನ ಮೇಲಿನ ಸೀರಿಯಲ್ ನಂಬರ್ ಅತ್ಯಂತ ದುರ್ಬಲ ಸಾಕ್ಷಿ; ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಬದಲಾಯಿಸಬಹುದು. 1976ರಿಂದ ನಂಬರನ್ನು ಹೆಡ್‌ಸ್ಟಾಕಿನ (ಬಿರಡೆಗಳಿರುವ ನೆಕ್ಕಿನ ತುದಿಯ) ಮೇಲೆ ಹಾಕತೊಡಗಿದರು. ನೆಕ್ಕಿನ ಬುಡದಲ್ಲಿ ಒತ್ತಿದ ಮುದ್ರೆ, ಪಿಕಪ್ಪಿನ ಅಡಿಯ ಬರಹ, ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ತಿರುಗುಗುಬ್ಬಿಯ ಕೆಳಗಿನ ನಿಯಂತ್ರಕಗಳ) ಬೆನ್ನಿನ ಸಂಖ್ಯೆ, ಈ ಮೂರನ್ನೂ ಹೊಂದಿಸಿ ನೋಡಬೇಕು. ನಾನು ಹೇಳಿದ ಕಪ್ಪು ಬೇಸ್‌ನ ಪಾಟ್ ಮೇಲೆ 1377412 ಎಂದಿತ್ತು. 137 ಎಂದರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 74 ವರ್ಷ, 12 ಆ ವರ್ಷದ ಹನ್ನೆರಡನೇ ವಾರ. ಪಾಟ್ ಆ ವಾರ ತಯಾರಾಗಿದೆ, ಬೇಸ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂದಷ್ಟೇ ಇದು ಹೇಳುತ್ತದೆ. ಫೆಂಡರ್ 1966ರಲ್ಲಿ ರಾಶಿಗಟ್ಟಲೆ ಪಾಟ್ ಖರೀದಿಸಿ ಆ ದಶಕದ ಕೊನೆಯವರೆಗೂ ಬಳಸಿತ್ತು. 66 ಎಂದು ಕಂಡ ಕೂಡಲೇ ಬೇಸ್ 1966ರದು ಎನ್ನುವ ಜಾಹೀರಾತುಗಳು ಈಗಲೂ ಕಾಣುತ್ತವೆ. ಹಳೆಯ ಬೆಸುಗೆ ಯಾರೂ ಮುಟ್ಟದಂತಿದ್ದರೆ ಹತ್ತಿರದಿಂದ ಫೋಟೋ ತೆಗೆಯಿರಿ. ಮರುಬಣ್ಣದ ಬೇಸ್‌ನಲ್ಲಿ ಉಳಿದ ಮೌಲ್ಯದ ದೊಡ್ಡ ಪಾಲು ಇರುವುದು ಅಲ್ಲೇ. ಮಲ್ಟಿಮೀಟರ್ ಇದ್ದರೆ ಪಿಕಪ್ ರೀಡಿಂಗೂ ಕೊಡಿ, ಪ್ರಿಸಿಷನ್ ಬೇಸ್‌ನ ಎರಡು ತುಂಡಿನ ಪಿಕಪ್ ಸಾಮಾನ್ಯವಾಗಿ 10–11 ಕಿಲೋಓಮ್ ಆಸುಪಾಸಿನಲ್ಲಿರುತ್ತದೆ. ಸೊನ್ನೆಯನ್ನೋ ಅನಂತವನ್ನೋ ತೋರಿಸಿದರೆ ಎಲ್ಲೋ ತಂತಿ ಕೈಕೊಟ್ಟಿದೆ.

ಮಾರುವ ಮೊದಲು ಮತ್ತೆ ಸನ್‌ಬರ್ಸ್ಟ್ ಹೊಡೆಸಿಬಿಡೋಣವೇ ಎಂದು ಆ ಎಂಜಿನಿಯರ್ ಕೇಳಿದರು. ಬೇಡ ಎಂದೆ. ಎರಡನೇ ಮರುಬಣ್ಣಕ್ಕೆ ಖರ್ಚಾದ ಹಣ ಬೆಲೆಯಲ್ಲಿ ವಾಪಸ್ ಬರುವುದಿಲ್ಲ. ಮತ್ತೊಮ್ಮೆ ಉಜ್ಜಿದರೆ ಬಾಡಿಯ ಅಂಚುಗಳ ದುಂಡು ಬದಲಾಗುತ್ತದೆ, ಗುಳಿಯೊಳಗಿನ ಹಳದಿ ಗೆರೆಯಂಥ ಸಾಕ್ಷಿ ಅಳಿಸಿಹೋಗುತ್ತದೆ. ಮೇಲಾಗಿ, ಹೊಸದಾಗಿ ಹೊಡೆಸಿದ ಸನ್‌ಬರ್ಸ್ಟ್ ಕಂಡ ಗಿರಾಕಿಗೆ ಏನನ್ನೋ ಮರೆಮಾಚುತ್ತಿದ್ದಾರೆ ಎಂಬ ಗುಮಾನಿ ಹುಟ್ಟುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬ್ರಿಡ್ಜ್ ಸಂದಿಯ ಧೂಳು ತೆಗೆದರೆ ಸಾಕು. ಬೆವರಿಗೆ ಬಣ್ಣಗೆಟ್ಟ ಸ್ಕ್ರೂಗಳನ್ನು ಹೊಳೆಯುವ ಹೊಸ ಸ್ಕ್ರೂಗಳಿಗೆ ಬದಲಿಸಬೇಡಿ.

ಹಣ ಹಾಕುವುದಿದ್ದರೆ ಸೆಟಪ್‌ಗೆ, ಅಂದರೆ ನುಡಿಸಲು ಹದಗೊಳಿಸುವ ಕೆಲಸಕ್ಕೆ, ಹಾಕಿ. ತುಂಬಾ ನುಡಿಸಿದ ಬೇಸ್‌ನಲ್ಲಿ ಗಿರಾಕಿಯ ಕೈ ಮೊದಲು ಹೋಗುವುದು ನೆಕ್ಕಿಗೆ. ದಪ್ಪ ಇ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ನಡುವೆ ಏಳೆಂಟನೇ ಫ್ರೆಟ್ ಮೇಲೆ ಎಷ್ಟು ಸಂದಿ ಇದೆ ನೋಡಿ. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಚೆನ್ನ. ಹೆಚ್ಚಿದ್ದರೆ ನೆಕ್ಕಿನೊಳಗೆ ಬಾಗು ತಿದ್ದಲು ಇರುವ ಲೋಹದ ಸರಳು, ಟ್ರಸ್ ರಾಡ್, ಬಿಗಿಸಬೇಕು. ಆ ಕಾಲದ ಪ್ರಿಸಿಷನ್‌ನಲ್ಲಿ ಅದರ ನಟ್ ನೆಕ್ಕಿನ ಬುಡದಲ್ಲಿದೆ, ನೆಕ್ ಬಿಚ್ಚದೆ ಸರಿಯಾಗಿ ತಿರುಗಿಸಲಾಗದು. ನಟ್ ಇನ್ನೂ ತಿರುಗುತ್ತದೆಯೇ, ಕೊನೆ ಮುಟ್ಟಿದೆಯೇ ಎಂಬುದು ಕೊಳ್ಳುವವರ ಮಟ್ಟಿಗೆ ಬಣ್ಣಕ್ಕಿಂತ ಹತ್ತು ಪಟ್ಟು ಮುಖ್ಯ. ಫ್ರೆಟ್ ಸವೆದಿದ್ದರೆ ಎಷ್ಟನೆಯ ಫ್ರೆಟ್‌ವರೆಗೆ ಎಂದು ಬರೆಯಿರಿ. ಫ್ರೆಟ್ ಬದಲಿಸಿರುವುದು ಸಂಗ್ರಹಕಾರರಿಗೆ ಇಷ್ಟವಾಗದಿರಬಹುದು, ನುಡಿಸುವವರಿಗೆ ಅದು ತಾನು ಮಾಡಿಸಬೇಕಿದ್ದ ಒಂದು ಕೆಲಸ ಮುಗಿದಂತೆ. ಹೆಬ್ಬೆರಳು ಓಡಾಡಿ ನೆಕ್ಕಿನ ಹಿಂಬದಿಯ ಪಾಲಿಶ್ ಹೋಗಿ ಮರ ನುಣುಪಾಗಿದ್ದರೆ ಅದನ್ನು ಧೈರ್ಯವಾಗಿ ತೋರಿಸಿ. ಆ ನುಣುಪಿಗಾಗಿಯೇ ಹಳೆಯ ಬೇಸ್ ಹುಡುಕುವವರಿದ್ದಾರೆ.

ತೂಕವನ್ನು ಮರೆಯದೆ ಬರೆಯಿರಿ. 1970ರ ದಶಕದ ಆಶ್ ಮರದ ಬಾಡಿಯ ಬೇಸ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸ, ಕೆಲವು 5 ಕಿಲೋ ಹತ್ತಿರ ಬರುತ್ತವೆ. ಮೂರು ಗಂಟೆ ನಿಂತು ನುಡಿಸುವವರಿಗೆ ಈ ಒಂದು ಅಂಕಿ ನಿರ್ಣಾಯಕ.

ಫಿಂಗರ್‌ಬೋರ್ಡ್ ಯಾವ ಮರದ್ದು ಎಂಬುದು ವಿದೇಶಕ್ಕೆ ಮಾರುವಾಗ ಕಾನೂನಿನ ಪ್ರಶ್ನೆಯಾಗುತ್ತದೆ. 1960ರ ದಶಕದ ನಡುಭಾಗದವರೆಗೆ ರೋಸ್‌ವುಡ್ ಫಿಂಗರ್‌ಬೋರ್ಡಿಗೆ ಫೆಂಡರ್ ಬಳಸುತ್ತಿದ್ದುದು ಬ್ರೆಜಿಲ್ ರೋಸ್‌ವುಡ್. ಆಮೇಲೆ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಘಟ್ಟದಲ್ಲೂ ಬೆಳೆಯುವ ಬೀಟೆ. ಬ್ರೆಜಿಲ್ ಮರ 1992ರಿಂದ, ಅಳಿವಿನಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಅದನ್ನು ಗಡಿ ದಾಟಿಸಿ ಮಾರುವಂತಿಲ್ಲ. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳು ಎರಡನೇ ಪಟ್ಟಿಗೆ ಬಂದವು. 2019ರ ಕೊನೆಯಲ್ಲಿ ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ ಆ ಎರಡನೇ ಪಟ್ಟಿಯ ನಿಯಮದಿಂದ ವಿನಾಯಿತಿ ಸಿಕ್ಕಿತು. ನೆಕ್ 1974ರದಾದರೆ ಹೆಚ್ಚು ತಲೆನೋವಿಲ್ಲ. 1964ರದಾದರೆ ಹೊರದೇಶದ ಗಿರಾಕಿಗೆ ಮಾತು ಕೊಡುವ ಮೊದಲೇ ಕಾಗದಪತ್ರ ವಿಚಾರಿಸಿ.

ಬೆಲೆ ನಿಗದಿಗೆ ಜಾಹೀರಾತುಗಳಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆ ನೋಡಿ. ಅದೇ ವರ್ಷದ, ಅದೇ ಮಾದರಿಯ, ಮರುಬಣ್ಣದ ಬೇಸ್‌ಗಳಿಗೆ ನಿಜವಾಗಿ ಎಷ್ಟು ಸಿಕ್ಕಿದೆ ಎಂದು ಹುಡುಕಿ, ಅದಕ್ಕೆ ಸ್ವಲ್ಪ ಸೇರಿಸಿ ಬರೆದರೆ ಚೌಕಾಸಿಗೂ ಜಾಗ ಉಳಿಯುತ್ತದೆ. ಫೋನಿನಲ್ಲಿ "ಬಣ್ಣ ಹೋಗಿದೆಯಲ್ಲಾ" ಎಂದು ಬೆಲೆ ಮುರಿಯಲು ಬರುವವರಿಗೆ, ಅದನ್ನು ಲೆಕ್ಕಕ್ಕೆ ಹಿಡಿದೇ ಈ ಬೆಲೆ ಇಟ್ಟಿದ್ದೇನೆ ಎಂದು ಹೇಳಿದರೆ ಸಾಕು. ಕಪ್ಪು ಬೇಸ್‌ನ ಜಾಹೀರಾತಿನಲ್ಲಿ ನೆಕ್ಕಿನ ಗುಳಿ, ಪಾಟ್‌ಗಳು, ಸವೆದ ಫ್ರೆಟ್, ಎಲ್ಲದರ ಫೋಟೋ ಇತ್ತು. ಕೊಂಡವರು ಸ್ಟುಡಿಯೋಗಳಲ್ಲಿ ನುಡಿಸುವ ಕಲಾವಿದರು. ಬಣ್ಣದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಟ್ರಸ್ ರಾಡ್ ಬಗ್ಗೆ ಕೇಳಿದರು.

ಕೊರಿಯರ್‌ನಲ್ಲಿ ಕಳಿಸುವುದಾದರೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಗಟ್ಟಿ ಕೇಸಿನೊಳಗೆ ಹೆಡ್‌ಸ್ಟಾಕಿನ ಕೆಳಗೂ ಸುತ್ತಲೂ ಅಲ್ಲಾಡದಂತೆ ಬಟ್ಟೆ ತುಂಬಿ, ಕೇಸನ್ನು ಇನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿಡಿ. ಹಿಂದೆಂದೋ ಬಿಚ್ಚಿಟ್ಟ ಬ್ರಿಡ್ಜ್ ಕವರ್, ಪಿಕಪ್ ಕವರ್, ಹಳೆಯ ಬಿರಡೆ, ಹೆಬ್ಬೆರಳ ಆಸರೆಯ ತುಂಡು ಮನೆಯಲ್ಲಿದ್ದರೆ ಅವೂ ಬೇಸ್ ಜೊತೆಗೇ ಹೋಗಬೇಕು. ಬಾಡಿಗೆ ಗೀರು ಬೀಳದಂತೆ ಅವನ್ನು ಬೇರೆ ಚೀಲದಲ್ಲಿ ಸುತ್ತಿ, ಕೇಸಿನ ಖಾನೆಯೊಳಗೆ ಮುಚ್ಚಿಡಿ.