ಸರದಿ ಬಿಟ್ಟುಕೊಡುವ ಲೆಕ್ಕ

ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಉಡುಪಿಯ ಜೋಡುಕಟ್ಟೆಯಿಂದ, ಕೃಷ್ಣಮಠದ ಪೂಜೆಯ ಸರದಿ ಕೈಬದಲಾಗುವ ಪರ್ಯಾಯದ ಮೆರವಣಿಗೆ ಹೊರಡುತ್ತದೆ. ರಥಬೀದಿಯ ನೂಕುನುಗ್ಗಲಿನಲ್ಲಿ ನಿಂತ ನನ್ನ ಮನಸ್ಸು ಮಾತ್ರ ಅನಂತರ ಮಠದೊಳಗೆ ನಡೆಯುವ ಹಸ್ತಾಂತರದ ಕಡೆಗೇ ಇರುತ್ತದೆ. ಎರಡು ವರ್ಷ ಕೃಷ್ಣಪೂಜೆ ನಡೆಸಿದವರು ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈಗಳನ್ನು ಮುಂದಿನ ಯತಿಗಳಿಗೆ ಒಪ್ಪಿಸಿ ಹೊರಡುತ್ತಾರೆ.

ಎರಡು ತಿಂಗಳಿದ್ದ ಸರದಿಯನ್ನು 16ನೇ ಶತಮಾನದಲ್ಲಿ ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಮಠಗಳು ಎಂಟು, ಆದ್ದರಿಂದ ಒಮ್ಮೆ ಇಳಿದ ಮಠಕ್ಕೆ ಮತ್ತೆ ಸರದಿ ಬರುವುದು 14 ವರ್ಷಗಳ ಬಳಿಕ. ಎಷ್ಟು ದೀರ್ಘ ಕಾಯುವಿಕೆ! ಆದರೆ ಬರುವುದಂತೂ ಖಚಿತ. ಆ ಭರವಸೆಯ ಮೇಲೆಯೇ ಸುಮಾರು ಒಂದು ವರ್ಷ ಮೊದಲು ಸಿದ್ಧತೆಯ ಮೊದಲ ವಿಧಿಯಾದ ಬಾಳೆ ಮುಹೂರ್ತ ನಡೆಯುತ್ತದೆ. ಬಳಿಕ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು.

ಯತಿಗಳು ಲಾಭನಷ್ಟ ತೂಗುತ್ತಾರೆಂದು ನಾನು ಹೇಳುತ್ತಿಲ್ಲ. ಅಲ್ಲಿರುವುದು ಭಕ್ತಿ ಮತ್ತು ಕಟ್ಟುಪಾಡು. ಆದರೆ ಕೈಯಲ್ಲಿರುವ ಅಧಿಕಾರವನ್ನು ಏಕೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆಯನ್ನು ದೇಶಗಳಿಗೆ ಕೇಳಿದಾಗ ರಾಜ್ಯಶಾಸ್ತ್ರದ ತರ್ಕಬದ್ಧ ಆಯ್ಕೆಯ ಸಿದ್ಧಾಂತ ನೆರವಿಗೆ ಬರುತ್ತದೆ. ಪ್ರತಿಯೊಬ್ಬರೂ ತಮ್ಮ ಮುಂದಿರುವ ದಾರಿಗಳನ್ನು ತೂಗಿ, ತಮಗೆ ಹಿತವೆನಿಸಿದ್ದನ್ನು ಆರಿಸುತ್ತಾರೆ ಎಂದು ಅದು ಊಹಿಸಿಕೊಳ್ಳುತ್ತದೆ. ಆ ಊಹೆಯಿಂದ ಹೊರಟು, ಯಾವ ವ್ಯವಸ್ಥೆ ಯಾರಿಂದ ಏನನ್ನು ಮಾಡಿಸುತ್ತದೆ ಎಂದು ನೋಡುತ್ತದೆ.

ಅರ್ಥಶಾಸ್ತ್ರಜ್ಞ ಮನ್ಸೂರ್ ಓಲ್ಸನ್ 1993ರಲ್ಲಿ ಎರಡು ಬಗೆಯ ದರೋಡೆಕೋರರನ್ನು ಹೋಲಿಸಿದರು. ಊರೂರು ಅಲೆಯುವವನು ಸಿಕ್ಕಿದ್ದನ್ನೆಲ್ಲ ದೋಚುತ್ತಾನೆ. ನಾಳೆ ಆ ಊರು ಅವನದಲ್ಲ. ಒಂದೇ ಕಡೆ ನೆಲೆ ನಿಂತವನು ಊರು ಬೆಳೆದರೆ ತನ್ನ ತೆರಿಗೆಯೂ ಬೆಳೆಯುತ್ತದೆಂದು ಅರಿತು, ದೋಚುವ ಕೈಯನ್ನು ಬಿಗಿಹಿಡಿದು ಕಾವಲು ಕಾಯುತ್ತಾನೆ. ಆದರೆ ಸಿಂಹಾಸನ ಅಲುಗಾಡತೊಡಗಿದರೆ ಅವನೂ ಅಲೆಮಾರಿಯಂತೆಯೇ ದೋಚತೊಡಗುತ್ತಾನೆ. ಸರ್ವಾಧಿಕಾರದ ಗುಣ ಹೀಗೆ ಆಳುವವನ ಕಣ್ಣಿಗೆ ಎಷ್ಟು ದೂರದ ನಾಳೆ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ.

ಪ್ರಜಾಪ್ರಭುತ್ವದಲ್ಲಿ ನನ್ನನ್ನು ಹೆಚ್ಚು ಕಾಡುವವನು ಗೆದ್ದವನಲ್ಲ, ಸೋತವನು. ಪೊಲೀಸರೂ ಸೇನೆಯೂ ಕೈಯಲ್ಲಿರುವಾಗ ಅವನು ಮತಪತ್ರಗಳ ಎಣಿಕೆಗೆ ಏಕೆ ತಲೆಬಾಗಬೇಕು? ರಾಜ್ಯಶಾಸ್ತ್ರಜ್ಞ ಆಡಂ ಪ್ಶೆವೊರ್ಸ್ಕಿ ಕೊಟ್ಟ ಉತ್ತರ ಸರಳ: ಮುಂದೊಮ್ಮೆ ಗೆಲ್ಲುವ ಸಾಧ್ಯತೆಯ ಬೆಲೆ, ಈಗ ಬಂಡೇಳುವುದರಿಂದ ಸಿಗಬಹುದಾದದ್ದಕ್ಕಿಂತ ದೊಡ್ಡದಾಗಿ ಕಂಡರೆ ಅವನು ಇಳಿಯುತ್ತಾನೆ.

1977ರ ಮಾರ್ಚ್‌ನಲ್ಲಿ ತುರ್ತುಪರಿಸ್ಥಿತಿಯ ಕೊನೆಯ ದಿನಗಳಲ್ಲಿ ನಡೆದ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು, ರಾಜೀನಾಮೆ ಕೊಟ್ಟರು. ಮರುವರ್ಷ ಘಟ್ಟದ ಮೇಲಿನ ನಮ್ಮ ನೆರೆಯ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದರು. 1980ರಲ್ಲಿ ಮತ್ತೆ ಪ್ರಧಾನಿಯಾದರು. ಇಳಿಯುವಾಗ ಅವರ ಮನಸ್ಸಿನಲ್ಲಿದ್ದ ಲೆಕ್ಕ ನನ್ನ ಅರಿವಿಗೆ ನಿಲುಕದ್ದು. ಮರಳುವ ದಾರಿ ತೆರೆದಿತ್ತು ಎಂಬುದನ್ನಂತೂ ಚಿಕ್ಕಮಗಳೂರು ತೋರಿಸಿಕೊಟ್ಟಿತು.

ಈ ಲೆಕ್ಕ ಎಲ್ಲೆಡೆ ಕೂಡಿಬರುವುದಿಲ್ಲ. ಪ್ಶೆವೊರ್ಸ್ಕಿ ಮತ್ತು ಫರ್ನಾಂಡೊ ಲಿಮೊಂಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1975ರ ಅರ್ಜೆಂಟೀನಾಕ್ಕಿಂತ ಹೆಚ್ಚು ತಲಾ ಆದಾಯವಿದ್ದ ಯಾವ ದೇಶದಲ್ಲೂ ಪ್ರಜಾಪ್ರಭುತ್ವ ಕುಸಿದಿರಲಿಲ್ಲ. ಬಡ ದೇಶಗಳಲ್ಲಿ ಅಪಾಯ ಹೆಚ್ಚು. ಭಾರತವೋ ಬಡತನದಲ್ಲೇ ಚುನಾವಣೆಗಳನ್ನು ನಡೆಸಿಕೊಂಡು ಬಂದಿತು. ಇಲ್ಲಿ ಸಿದ್ಧಾಂತ ಕಾಣದ ಯಾವುದೋ ಕಟ್ಟುಪಾಡು ಕೆಲಸ ಮಾಡಿದೆ ಎಂದೇ ನನ್ನ ನಂಬಿಕೆ.

ಹಾಗಾಗಿ ಎರಡು ದೇಶಗಳನ್ನು ಹೋಲಿಸುವಾಗ ನಾನು ಸಂವಿಧಾನದ ಪೀಠಿಕೆಯಿಂದ ಆರಂಭಿಸುವುದಿಲ್ಲ. ಕಳೆದ ಚುನಾವಣೆಯಲ್ಲಿ ಸೋತ ಪಕ್ಷದ ನಾಯಕ ಈಗ ಎಲ್ಲಿದ್ದಾನೆ ಎಂದು ಹುಡುಕುತ್ತೇನೆ: ಸೆರೆಮನೆಯಲ್ಲೋ, ಪರದೇಶದಲ್ಲೋ, ಅಥವಾ ಮುಂದಿನ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದಾನೋ?